ಉಪದೇಶ ಬೇಡ, ಒಂದು ಗುರಿ ಸಾಕು

“ತೂಕ ಇಳಿಸಿ, ವ್ಯಾಯಾಮ ಮಾಡಿ, ಸಿಹಿ ಕಡಿಮೆ ಮಾಡಿ.” ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡಕ್ಕಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದವರೆಲ್ಲ ಕೇಳಿರುವ ಮಾತಿದು. ರೋಗಿ ತಲೆಯಾಡಿಸಿ, ಚೀಟಿ ಹಿಡಿದು ಮನೆಗೆ ಮರಳುತ್ತಾರೆ. ಮೂರು ತಿಂಗಳ ನಂತರ ತೂಕವೂ ಅಷ್ಟೇ, ಸಕ್ಕರೆಯೂ ಅಷ್ಟೇ. ಕೆಲವರಂತೂ ಬೈಗುಳಕ್ಕೆ ಹೆದರಿ ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ. ಅಪಾಯವಿರುವುದು ಇಲ್ಲಿಯೇ. ಸಕ್ಕರೆಯ ಮೇಲೆ ಹಿಡಿತ ತಪ್ಪಿದರೆ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಕಾಲಿನ ನರಗಳು ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತವೆ.

ಇದಕ್ಕೆಲ್ಲ ರೋಗಿಯ ಸೋಮಾರಿತನವೇ ಕಾರಣವೆನ್ನುವುದು ಸರಿಯಲ್ಲ. “ವ್ಯಾಯಾಮ ಮಾಡಿ” ಎಂಬುದು ಉಪದೇಶವೇ ಹೊರತು ಗುರಿಯಲ್ಲ. “ವಾರಕ್ಕೆ ಐದು ದಿನ, ಅಸ್ರ್ ನಮಾಝಿನ ಬಳಿಕ ಹದಿನೈದು ನಿಮಿಷ ಬಿರುಸಾಗಿ ನಡೆಯುತ್ತೇನೆ” ಎಂಬುದು ಗುರಿ. ಏನು, ಯಾವಾಗ, ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಇಂತಹ ಗುರಿಯ ಪ್ರಯೋಜನ ಕಡಿಮೆಯೇನಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರ ಒಂದು ಗುಂಪಿಗೆ ಎರಡು ಗುರಿಗಳಿದ್ದವು: ದೇಹದ ತೂಕದಲ್ಲಿ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ವ್ಯಾಯಾಮ. ಈ ಗುಂಪಿನಲ್ಲಿ ಕಾಯಿಲೆ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಸೇವಿಸಿದವರಲ್ಲಿ ಅದು ತಗ್ಗಿದ್ದು ಶೇ. 31 ಮಾತ್ರ. 80 ಕಿಲೋ ತೂಗುವವರಿಗೆ ಶೇ. 7 ಎಂದರೆ ಐದೂವರೆ ಕಿಲೋದಷ್ಟೇ!

ಗುರಿಯನ್ನು ವೈದ್ಯರು ಹೇರಬಾರದು, ರೋಗಿಯೇ ಆರಿಸಬೇಕು. ಮನೆಮಂದಿಗೆಲ್ಲ ಬಡಿಸಿ, ಉಳಿದುದನ್ನು ತಿನ್ನುವ ಗೃಹಿಣಿಗೆ “ಬೇರೆ ಅಡುಗೆ ಮಾಡಿಕೊಳ್ಳಿ” ಎಂದರೆ ಅದು ಆಗುವ ಮಾತಲ್ಲ. ಆದರೆ ಆಕೆ ದಿನಕ್ಕೆ ನಾಲ್ಕು ಲೋಟ ಚಹಾ ಕುಡಿಯುವವರಾಗಿದ್ದು, ಲೋಟಕ್ಕೆ ಎರಡು ಚಮಚ ಸಕ್ಕರೆಯ ಬದಲು ಒಂದೇ ಚಮಚ ಹಾಕಿದರೆ ವರ್ಷಕ್ಕೆ ಐದು ಕಿಲೋಗೂ ಹೆಚ್ಚು ಸಕ್ಕರೆ ಹೊಟ್ಟೆ ಸೇರುವುದು ತಪ್ಪುತ್ತದೆ. ರಸ್ತೆಯಲ್ಲಿ ನಡೆಯಲು ಸಂಕೋಚವಾದರೆ ಮನೆಯ ತಾರಸಿ ಅಥವಾ ಅಂಗಳ ಸಾಕು.

ಆರಿಸಿದ ಬಳಿಕ ನಿಮ್ಮನ್ನೇ ಕೇಳಿಕೊಳ್ಳಿ: ‘ಇದು ನನ್ನಿಂದಾದೀತೆಂಬ ಭರವಸೆಗೆ ಹತ್ತರಲ್ಲಿ ಎಷ್ಟು ಅಂಕ?’ ಏಳಕ್ಕಿಂತ ಕಡಿಮೆಯಾದರೆ ಗುರಿಯನ್ನು ಇನ್ನಷ್ಟು ಚಿಕ್ಕದು ಮಾಡಿ. ಹದಿನೈದು ನಿಮಿಷ ಕಷ್ಟವೆನಿಸಿದರೆ ಹತ್ತು ನಿಮಿಷವಾಗಲಿ. ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಿ. ಎರಡು ದಿನ ತಪ್ಪಿದರೆ ಮೂರನೆಯ ದಿನ ಮತ್ತೆ ಆರಂಭಿಸಿ. ಎರಡು ವಾರಗಳ ಬಳಿಕ ವೈದ್ಯರೊಡನೆಯೋ ಆಶಾ ಕಾರ್ಯಕರ್ತೆಯೊಡನೆಯೋ ಕುಳಿತು ಪರಿಶೀಲಿಸಿ. ಯಾವ ಕಾರಣಕ್ಕೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದೇಹವೂ ಅವನು ಕೊಟ್ಟ ಅಮಾನತ್ತು. ಮನೆಯವರೇ, ತಾಯಿಯೋ ಪತ್ನಿಯೋ ನಡೆಯಲು ಹೊರಟಾಗ ಆ ಹದಿನೈದು ನಿಮಿಷ ಅಡುಗೆಮನೆಯ ಹೊಣೆ ನೀವು ಹೊತ್ತುಕೊಳ್ಳಿ. ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ರಕ್ತಪರೀಕ್ಷೆಯ ವರದಿಯೊಂದಿಗೆ, ನಿಮ್ಮ ಗುರಿಯನ್ನು ಬರೆದ ಚೀಟಿಯೂ ಕೈಯಲ್ಲಿರಲಿ.