ಚಕ್ರದ ಗೆರೆ, ನೀರಿನ ದಾರಿ

ಭಾನುವಾರದ ಮುಂಜಾವಿನಲ್ಲಿ ಶ್ರೀರಂಗಪಟ್ಟಣದ ಕರಿಘಟ್ಟದ ತಪ್ಪಲಿಗೆ ಹೋದವರು ಈಚೆಗೆ ಒಂದು ಹೊಸ ನೋಟವನ್ನು ಕಾಣುತ್ತಾರೆ. ದಪ್ಪ ಹಲ್ಲಿನ ಟೈರುಗಳ ಸೈಕಲ್ಲುಗಳನ್ನೇರಿದ ಯುವಕ ಯುವತಿಯರು ಬೆಟ್ಟದ ಡಾಂಬರು ರಸ್ತೆಯನ್ನೂ ದೇವಾಲಯದ ಮೆಟ್ಟಿಲುಗಳನ್ನೂ ಬಿಟ್ಟು, ಬಂಡೆಗಳ ನಡುವಣ ಕಾಲುದಾರಿಯನ್ನು ಹಿಡಿಯುತ್ತಾರೆ. ಮೈಸೂರು ನಗರವು ಬೆಳೆಬೆಳೆದು ನಮ್ಮ ಬಾಗಿಲಿಗೆ ಬಂದಿರುವುದರಿಂದ ಈ ಬೆಟ್ಟ ಈಗ ಹೆಚ್ಚುಕಡಿಮೆ ಊರಂಚಿನ ಬೆಟ್ಟವೇ ಆಗಿದೆ. ಈ ಸವಾರರನ್ನು ನಾವು ಸ್ವಾಗತಿಸಬೇಕೋ ತಡೆಯಬೇಕೋ ಎಂಬ ಪ್ರಶ್ನೆ ನಮ್ಮ ಬಳಗದಲ್ಲಿಯೂ ಎದ್ದಿದೆ.

ನೋಡದೆ ತೀರ್ಪು ನೀಡುವುದು ಸರಿಯಲ್ಲವೆಂದು ನಾನೂ ಒಂದು ಸೈಕಲ್ಲನ್ನು ಎರವಲು ಪಡೆದು ವಿದ್ಯಾರ್ಥಿಗಳೊಡನೆ ಹೊರಟೆ. ಹಾಸುಬಂಡೆಯ ಮೇಲೆ ಚಕ್ರ ಹಿಡಿತ ಬಿಡಲಿಲ್ಲ. ಗರಸು ಬಂದಾಗ ಜಾರಿತು. “ಸರ್, ಕಲ್ಲನ್ನು ನೋಡಬೇಡಿ. ಕಲ್ಲನ್ನು ನೋಡಿದರೆ ಚಕ್ರವೂ ಅಲ್ಲಿಗೇ ಹೋಗುತ್ತದೆ. ಹೋಗಬೇಕಾದ ದಾರಿಯನ್ನು ನೋಡಿ” ಎಂದು ಮುಂದಿದ್ದ ಹುಡುಗಿ ಕೂಗಿ ಹೇಳಿದಳು. ನಲವತ್ತು ದಾಟಿದ ಮೈಗೆ ಆ ಇಳಿಜಾರು ಭಯವನ್ನೂ ಸಂತೋಷವನ್ನೂ ಒಟ್ಟಿಗೇ ಕೊಟ್ಟಿತೆಂಬುದನ್ನು ಮರೆಮಾಚಲಾರೆ. ಕೊನೆಯ ಇಳುಕಲಿನಲ್ಲಿ ಹೆದರಿ ಹಿಂದಿನ ಬ್ರೇಕನ್ನು ಬಲವಾಗಿ ಹಿಡಿದೆ. ಚಕ್ರ ತಿರುಗುವುದನ್ನು ನಿಲ್ಲಿಸಿ ನೆಲವನ್ನು ಗೀರುತ್ತ ಜಾರಿತು. ಹಿಂತಿರುಗಿ ನೋಡಿದರೆ ಕೆಮ್ಮಣ್ಣಿನಲ್ಲಿ ಮಾರುದ್ದದ ಗೆರೆ.

ಅಲ್ಲೇ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಆ ಗೆರೆಯನ್ನು ಕೋಲಿನಿಂದ ತೋರಿಸಿ, “ಸ್ವಾಮಿ, ಆಡು ಅಡ್ಡಡ್ಡಕೆ ಹತ್ತಿ ಅಡ್ಡಡ್ಡಕೆ ಇಳೀತದೆ. ನೀವು ನೆಟ್ಟಗೆ ಇಳೀತೀರಿ. ಮಳೆ ಬಂದ್ರೆ ನೀರೂ ನಿಮ್ಮ ದಾರೀನೇ ಹಿಡೀತದೆ” ಎಂದರು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಅಡ್ಡಲಾಗಿಯೇ ಬದು ಹಾಕಬೇಕು ಎಂದು ರೈತರಿಗೆ ವರ್ಷಗಟ್ಟಲೆ ಬೋಧಿಸಿದ ನಾನು ಆಗ ತಲೆತಗ್ಗಿಸಬೇಕಾಯಿತು.

ಅವರ ಮಾತಿನಲ್ಲಿ ಮಣ್ಣುವಿಜ್ಞಾನದ ಒಂದು ಮುಖ್ಯ ಪಾಠವೇ ಅಡಗಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಬೆಟ್ಟಗಳು ಬಹುಮಟ್ಟಿಗೆ ಅತಿ ಪ್ರಾಚೀನವಾದ ಗ್ರಾನೈಟು ಮತ್ತು ನೈಸ್ ಶಿಲೆಗಳವು. ಅವುಗಳ ಮೇಲಿರುವ ಮಣ್ಣು ಬಲು ತೆಳು. ಅಂಗುಲ ಮಣ್ಣು ಹುಟ್ಟಲು ಶತಮಾನಗಳೇ ಬೇಕು. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್ ಮಾತ್ರವಾದರೂ ಅದರ ಬಹುಪಾಲು ಕೆಲವೇ ದಿನಗಳ ಬಿರುಮಳೆಯಾಗಿ ಸುರಿಯುತ್ತದೆ. ಹರಡಿ ಹರಿಯುವ ನೀರು ಒಂದು ಗೆರೆಯೊಳಗೆ ಕೂಡಿಕೊಂಡಾಗ ಅದರ ವೇಗ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಅಷ್ಟೇ ನೀರಿನ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಇಂದಿನ ಗೆರೆ ನಾಳೆ ಕೊರಕಲಾಗುತ್ತದೆ. ಕೊರಕಲಿನ ಮಣ್ಣು ಕೆಳಗಿನ ಕೆರೆಗೆ ಹೂಳಾಗಿ ಸೇರುತ್ತದೆ. ಸವಾರನು ಮನೆಗೆ ಮರಳಿದ ಮೇಲೆ ಅದರ ಬೆಲೆಯನ್ನು ತೆರುವವರು ತಪ್ಪಲಿನ ಒಕ್ಕಲಿನವರು.

ಹಾಗೆಂದು ಸೈಕಲ್ಲೇ ಬೆಟ್ಟದ ಶತ್ರುವೆಂದು ಸಾರುವುದು ಅನ್ಯಾಯ. ಹದವಾಗಿ ನಡೆಸಿದ ಸೈಕಲ್ಲು ಹಾದಿಯ ಮಣ್ಣಿಗೆ ಮಾಡುವ ಸವೆತ ಪಾದಚಾರಿಯ ಸವೆತಕ್ಕಿಂತ ಬಹಳ ಬೇರೆಯಲ್ಲವೆಂದು ವಿದೇಶಗಳ ಹಲವು ಅಧ್ಯಯನಗಳು ಕಂಡುಕೊಂಡಿವೆ. ಕೆಡುಕು ಹುಟ್ಟುವುದು ನೇರ ಇಳಿತ, ಜಾರುವ ಬ್ರೇಕು ಮತ್ತು ಒದ್ದೆ ನೆಲ ಇವು ಮೂರು ಕೂಡಿದಾಗ. ಈ ಆಟದ ಇತಿಹಾಸದಲ್ಲಿಯೇ ಅದರ ಗುರುತಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಸೀಮೆಯ ಗೆಳೆಯರು ಹಳೆಯ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು. ಒಂದು ಇಳಿತಕ್ಕೇ ಹಿಂದಿನ ಬ್ರೇಕಿನೊಳಗಿನ ಗ್ರೀಸು ಕಾದು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಆದ್ದರಿಂದ ಆ ಹಾದಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. 1996ರಲ್ಲಿ ಒಲಿಂಪಿಕ್ಸ್ ಸೇರಿದ ಈ ಕ್ರೀಡೆ ಅಲ್ಲಿಂದೀಚೆಗೆ ಹಾದಿ ಕಟ್ಟುವ ವಿದ್ಯೆಯನ್ನೂ ಕಲಿತಿದೆ. ಹಾದಿಯ ಇಳಿಜಾರು ಬೆಟ್ಟದ ಮೈಯ ಇಳಿಜಾರಿನ ಅರ್ಧವನ್ನು ಮೀರಬಾರದು, ನೂರು ಅಡಿಗೆ ಸರಾಸರಿ ಹತ್ತು ಅಡಿಗಿಂತ ಹೆಚ್ಚು ಇಳಿಯಬಾರದು ಎಂಬುದು ಅದರ ಸೂತ್ರ. ಆ ಹಿರಿಯರ ಆಡುಗಳು ಇದನ್ನು ಯಾವ ಪುಸ್ತಕವನ್ನೂ ಓದದೆ ಪಾಲಿಸುತ್ತಿವೆ.

ಬೆಟ್ಟಗಳಿಗೆ ಒದಗಿರುವ ದೊಡ್ಡ ಗಾಯಗಳನ್ನೂ ಮರೆಯಬಾರದು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿ ಸಿಡಿಮದ್ದು ಸೀಳಿದ ಬಂಡೆಗಳನ್ನು ಕಂಡವರಿಗೆ ಟೈರಿನ ಗೆರೆ ಅಲ್ಪವೆನಿಸೀತು. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯ ಗಣಿಗಾರಿಕೆಗೆ ರಾಜ್ಯದ ಉಚ್ಚ ನ್ಯಾಯಾಲಯವು 2024ರ ಜನವರಿಯಲ್ಲಿ ತಡೆ ವಿಧಿಸಬೇಕಾಯಿತು. ಆದರೆ ದೊಡ್ಡ ತಪ್ಪನ್ನು ತೋರಿಸಿ ಸಣ್ಣ ತಪ್ಪನ್ನು ಮನ್ನಿಸಿಕೊಳ್ಳುವುದು ಪರಿಸರ ಚಳವಳಿಗೆ ತಕ್ಕುದಲ್ಲ. ಬೆಟ್ಟವನ್ನು ತೋಳು ತೊಡೆಗಳಿಂದ ಅರಿತ ಯುವಜನರೇ ನಾಳೆ ಅದರ ಪರವಾಗಿ ನಿಲ್ಲುವವರು. ಅವರನ್ನು ಹೊರಗಟ್ಟಿದರೆ ನಷ್ಟ ನಮ್ಮದೇ.

ಆದ್ದರಿಂದ ನಮ್ಮ ನಿಲುವು ಇದು. ಕರಿಘಟ್ಟದಲ್ಲಾಗಲಿ, ಪಾಂಡವಪುರದ ಕುಂತಿಬೆಟ್ಟದಲ್ಲಾಗಲಿ, ನಾಗಮಂಗಲದ ಕೋಟೆಬೆಟ್ಟದಲ್ಲಾಗಲಿ ಸವಾರರು ಹೊಸ ಹಾದಿಯನ್ನು ಕಡಿಯದಿರಲಿ. ದನಗಾಹಿಗಳ ಹಳೆಯ ಅಡ್ಡದಾರಿಗಳನ್ನೇ ಹಿಡಿಯಲಿ. ಯಾವ ದಾರಿ ಎಂಬುದನ್ನು ಆಯಾ ಗ್ರಾಮದವರೂ ಅರಣ್ಯ ಇಲಾಖೆಯೂ ಸವಾರರೂ ಕೂಡಿ ನಿರ್ಧರಿಸಲಿ. ಮಳೆ ಬಿದ್ದ ನೆಲ ಬೆರಳಿಗೆ ಅಂಟುವಷ್ಟು ಹಸಿಯಿರುವ ದಿನ ಸೈಕಲ್ಲು ಮನೆಯಲ್ಲೇ ಇರಲಿ. ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಯಾರೂ ಕಾಲಿಡದಿರಲಿ. ಕೆ.ಆರ್. ಪೇಟೆಯ ನಾರಾಯಣದುರ್ಗಕ್ಕೆ ಹೋಗುವವರೂ ವನ್ಯಧಾಮದ ಗಡಿಯನ್ನು ಮೊದಲೇ ವಿಚಾರಿಸಿಕೊಳ್ಳಲಿ. ಬೇಸಿಗೆಯಲ್ಲಿ ಬೆಂಕಿಕಡ್ಡಿಯಾಗಲಿ ಬೀಡಿಯಾಗಲಿ ಬೆಟ್ಟ ಹತ್ತದಿರಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಬೆಟ್ಟದ ಹಾದಿ ಲಕ್ಷ ರೂಪಾಯಿಯ ಸೈಕಲ್ಲಿನವರಿಗೆ ಮಾತ್ರ ಮೀಸಲಲ್ಲ. 2006-07ರಲ್ಲಿ ಆರಂಭವಾದ ಸರ್ಕಾರಿ ಯೋಜನೆಯಲ್ಲಿ ನಿಮ್ಮ ಅಕ್ಕ ಅಣ್ಣಂದಿರು ಪಡೆದ ಸೈಕಲ್ಲು ಬಂಡೆಗಳ ಮೇಲೆ ಇಳಿಯಲಾರದು. ಆದರೆ ತಪ್ಪಲಿನ ಬಂಡಿಜಾಡಿನಲ್ಲಿ ಅದು ಸೊಗಸಾಗಿ ಓಡುತ್ತದೆ. ಅದನ್ನೇರಿ ಹೋಗಿ, ಮೊದಲ ಮಳೆಯ ಮರುದಿನ ನಡೆದೇ ಬೆಟ್ಟ ಹತ್ತಿ, ನೀರು ಯಾವ ಗೆರೆಯನ್ನು ಹಿಡಿದಿದೆಯೆಂದು ನೋಡಿ ಬರೆದಿಡಿ.

ನನ್ನ ಗೆರೆಯ ಕತೆಯನ್ನೂ ಮುಗಿಸಬೇಕು. ಮುಂದಿನ ಭಾನುವಾರ ನಾವು ಐವರು ಹಾರೆ ಹಿಡಿದು ಹೋಗಿ, ಅದಕ್ಕೆ ಅಡ್ಡಲಾಗಿ ಮೂರು ಕಡೆ ಕಲ್ಲು ಜೋಡಿಸಿ ಬಂದೆವು. ಒಂದು ಕ್ಷಣದ ಜಾರುವಿಕೆಯನ್ನು ಸರಿಪಡಿಸಲು ಐವರಿಗೆ ಅರ್ಧ ದಿನ ಹಿಡಿಯಿತು.