ಸುಖವಿಲ್ಲದ ಸೈಕಲ್ಲು ಕೊಟ್ಟಿಗೆ ಸೇರುತ್ತದೆ

ಮಲೆನಾಡಿನ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಒಂದು ಹಳೆಯ ಸೈಕಲ್ಲು ಗೋಡೆಗೊರಗಿ ನಿಂತಿರುತ್ತದೆ. ಹ್ಯಾಂಡಲ್ಲಿಗೆ ಕಂಬಳಿಕೊಪ್ಪೆ ನೇತುಬಿದ್ದಿರುತ್ತದೆ, ಕ್ಯಾರಿಯರಿನ ಮೇಲೆ ಅಡಿಕೆ ಹಾಳೆಯ ಕಟ್ಟು ಕುಳಿತಿರುತ್ತದೆ. ಟಯರಿನಲ್ಲಿ ಗಾಳಿಯಿಲ್ಲ, ಆದರೆ ಚೌಕಟ್ಟು ಗಟ್ಟಿಯಾಗಿದೆ, ಇನ್ನೊಂದು ತಲೆಮಾರನ್ನು ಹೊರಬಲ್ಲದು. ಅದೇ ಮನೆಯ ಅಂಗಳದಲ್ಲಿ ಕಂತಿನ ಸಾಲದ ಮೋಟಾರು ಬೈಕು ನಿಂತಿದೆ. ಎರಡು ಮೈಲಿ ದೂರದ ಹಾಲಿನ ಡೇರಿಗೂ ಅಂಚೆ ಕಚೇರಿಗೂ ಓಡುವುದು ಅದೇ. ಕಾರಣ ಕೇಳಿದರೆ ಉತ್ತರ ಸಿದ್ಧವಿದೆ: ಈ ಏರಿಗೆ ಸೈಕಲ್ಲು ಆಗುವುದಿಲ್ಲ, ಸೊಂಟ ಬಿದ್ದುಹೋಗುತ್ತದೆ.

ಈ ಉತ್ತರವನ್ನು ಸೋಮಾರಿತನವೆಂದು ಹೀಗಳೆಯುವುದು ಪರಿಸರ ಚಳವಳಿಯೊಳಗಿನ ಹಳೆಯ ಚಾಳಿ. ಸೈಕಲ್ಲನ್ನು ತ್ಯಾಗದ ಸಂಕೇತವಾಗಿ ಮೆರೆಸುವವರು, ಜಾಥಾದ ದಿನ ಅದನ್ನು ತುಳಿದು ಮರುದಿನ ಕಾರು ಹತ್ತುವವರು, ದಿನವೂ ತುಳಿಯಬೇಕಾದವರ ಬೆನ್ನುನೋವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ನೋವನ್ನೇ ಆದರ್ಶವೆಂದು ಬೋಧಿಸಿದರೆ ಆದರ್ಶ ಭಾಷಣದಲ್ಲಿ ಉಳಿಯುತ್ತದೆ, ಸೈಕಲ್ಲು ಕೊಟ್ಟಿಗೆ ಸೇರುತ್ತದೆ. ಮತ್ತೊಂದೆಡೆ ಮಾರುಕಟ್ಟೆಯ ಬೋಧನೆ ನಡೆದಿದೆ: ಹಳೆಯದು ನೋಯಿಸುತ್ತದೆ, ಆದ್ದರಿಂದ ಅದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿ. ಇವೆರಡು ಬೋಧನೆಗಳೂ ಒಂದು ಸತ್ಯವನ್ನು ಮರೆಸುತ್ತವೆ. ಹಳೆಯ ಸೈಕಲ್ಲು ಕೊಡುವ ನೋವುಗಳಲ್ಲಿ ಹೆಚ್ಚಿನವು ಒಂದು ಸ್ಪ್ಯಾನರಿನಿಂದ ವಾಸಿಯಾಗುವಂಥವು.

ಸೈಕಲ್ಲಿನ ಚರಿತ್ರೆಯೇ ಸುಖದ ಹುಡುಕಾಟದ ಚರಿತ್ರೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿಯ ಟಯರು ಹುಟ್ಟಿದ್ದು ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟವನ್ನು ತಪ್ಪಿಸಲಿಕ್ಕಾಗಿ. ಗುಡ್ಡದವರಿಗೆ ಇನ್ನೂ ಹತ್ತಿರವಾದ ಉದಾಹರಣೆ ಫ್ರಾನ್ಸಿನ ಸೇಂತ್-ಎತಿಯೆನ್ ಊರಿನ ಪಾಲ್ ದ ವಿವಿಯದು. ಬೆಟ್ಟಗಳ ಮಡಿಲಿನ ಆ ಊರಿನಲ್ಲಿ 1887ರಲ್ಲಿ ಸೈಕಲ್ಲಿಗೆಂದೇ ಪತ್ರಿಕೆ ಆರಂಭಿಸಿದ ಈತ, ಏರಿಗೊಂದು ಹಲ್ಲಿನ ಲೆಕ್ಕ, ಬಯಲಿಗೊಂದು ಹಲ್ಲಿನ ಲೆಕ್ಕ ಇರಲೇಬೇಕೆಂದು ದಶಕಗಳ ಕಾಲ ವಾದಿಸಿದ. ಗೇರು ಎಂಬುದು ಬಲಹೀನರ ಊರುಗೋಲು ಎಂದು ಪಂದ್ಯಗಳ ಯಜಮಾನರು ಹಂಗಿಸಿದರು. ಟೂರ್ ಡಿ ಫ್ರಾನ್ಸ್ ಪಂದ್ಯ ಗೇರು ಬದಲಿಸುವ ಸಾಧನಕ್ಕೆ ಪೂರ್ಣ ಅನುಮತಿ ನೀಡಿದ್ದು 1937ರಲ್ಲಿ. ಕಷ್ಟವನ್ನು ಪೌರುಷವೆಂದು ಎಣಿಸಿದವರು ಸೋತರು, ಬೆಟ್ಟವನ್ನು ಬಲ್ಲವನ ವಾದ ಗೆದ್ದಿತು.

ಕೊಟ್ಟಿಗೆಯ ಸೈಕಲ್ಲಿಗೂ ಆ ವಾದವೇ ಅನ್ವಯಿಸುತ್ತದೆ. ಸುಮಾರು 20 ಕಿಲೋ ತೂಗುವ, 28 ಅಂಗುಲದ ಚಕ್ರಗಳ ಈ ಗಾಡಿಯಲ್ಲಿ ಸಾಮಾನ್ಯವಾಗಿ ಪೆಡಲಿನ ಬಳಿ 44 ಹಲ್ಲು, ಹಿಂಚಕ್ರದ ಫ್ರೀವೀಲಿನಲ್ಲಿ 18 ಹಲ್ಲು ಇರುತ್ತವೆ. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.4 ಮೀಟರ್ ಸಾಗುತ್ತದೆ. ಬಯಲಿನಲ್ಲಿ ಇದು ಲಾಭ, ದಿಬ್ಬದಲ್ಲಿ ಮೊಣಕಾಲಿಗೆ ದಂಡ. ಹಿಂದಿನ ಫ್ರೀವೀಲನ್ನು ತೆಗೆದು 22 ಹಲ್ಲಿನದನ್ನು ಹಾಕಿದರೆ ಅದೇ ಸುತ್ತಿಗೆ ಸುಮಾರು 4.5 ಮೀಟರ್ ಸಾಗುತ್ತದೆ. ಪೆಡಲಿನ ಮೇಲೆ ಹಾಕಬೇಕಾದ ಬಲ ಸುಮಾರು ಶೇ. 18ರಷ್ಟು ಇಳಿಯುತ್ತದೆ. ಸಮತಟ್ಟಾದ ದಾರಿಯಲ್ಲಿ ವೇಗ ತುಸು ತಗ್ಗುವುದು ನಿಜ. ಆದರೆ ಇಳಿದು ತಳ್ಳಬೇಕಿದ್ದ ಎಷ್ಟೋ ಸಣ್ಣ ಏರುಗಳನ್ನು ಕುಳಿತೇ ಹತ್ತಬಹುದು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಚೈನು ಸವೆದಿದ್ದರೆ ಅದನ್ನೂ ಜೊತೆಯಲ್ಲೇ ಬದಲಿಸಬೇಕು, ಇಲ್ಲವಾದರೆ ಹೊಸ ಹಲ್ಲಿನ ಮೇಲೆ ಹಳೆಯ ಚೈನು ಜಾರುತ್ತದೆ.

ಉಳಿದ ಚಿಕಿತ್ಸೆಗೆ ಖರ್ಚು ಇನ್ನೂ ಕಡಿಮೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ಕೆಳತುದಿಯಲ್ಲಿರುವಲ್ಲಿ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ನಿಂತಾಗ ಪಾದ ನೆಲಕ್ಕೆ ಪೂರ್ತಿ ತಾಕಲೆಂದು ಸೀಟನ್ನು ತಗ್ಗಿಸಿ ತುಳಿಯುವುದರಿಂದಲೇ ಎಷ್ಟೋ ಮೊಣಕಾಲುಗಳು ನೋಯುತ್ತವೆ. ಬೆನ್ನು ಬಾಗುತ್ತಿದ್ದರೆ ಹ್ಯಾಂಡಲನ್ನು ಎತ್ತರಿಸಬೇಕು; ಆದರೆ ಅದರ ಕಂಬ ಕನಿಷ್ಠ ಎರಡೂವರೆ ಅಂಗುಲ ಒಳಗೆ ಉಳಿದಿರಬೇಕು, ಮುಂದಿನ ಬ್ರೇಕಿನ ಸರಳನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. ನೆಟ್ಟಗೆ ಕುಳಿತವರ ಭಾರವೆಲ್ಲ ಸೀಟಿನ ಮೇಲೆ ಬೀಳುವುದರಿಂದ ಅಗಲವಾದ, ಸ್ಪ್ರಿಂಗಿನ ಸೀಟು ಇಲ್ಲಿ ಆಡಂಬರವಲ್ಲ, ಅಗತ್ಯ. ಟಯರಿಗೆ ಕಲ್ಲಿನಂತೆ ಗಾಳಿ ತುಂಬಿಸುವ ರೂಢಿಯನ್ನೂ ಬಿಡಬೇಕು. ರಿಮ್ಮು ನೆಲಕ್ಕೆ ಬಡಿಯದಷ್ಟು ಗಾಳಿ ಉಳಿಸಿಕೊಂಡು ತುಸು ಮೆದುವಾಗಿಸಿದರೆ ಜಂಬಿಟ್ಟಿಗೆ ಕಲ್ಲಿನ ದಾರಿಯ ಏಟನ್ನು ಟಯರೇ ನುಂಗಿಕೊಳ್ಳುತ್ತದೆ.

ಸುಖದ ಮಾತಿನಲ್ಲಿ ಸುರಕ್ಷತೆಯನ್ನು ಮರೆಯುವಂತಿಲ್ಲ. ಹಳೆಯ ಸರಳಿನ ಬ್ರೇಕು ರಿಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಮಳೆಯಲ್ಲಿ ನೆನೆದ ಕ್ರೋಮಿನ ಉಕ್ಕಿನ ಮೇಲೆ ಅದರ ಹಿಡಿತ ಬಹಳವಾಗಿ ಕುಂದುತ್ತದೆ. ಆ ರಿಮ್ಮಿನ ಅಂಚು ದುಂಡಗಿರುವುದರಿಂದ, ಪಕ್ಕದಿಂದ ಹಿಡಿಯುವ ಹೊಸ ಬ್ರೇಕನ್ನು ರಿಮ್ಮು ಬದಲಿಸದೆ ಕೂರಿಸಲಾಗದು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಬ್ರೇಕಿನ ರಬ್ಬರುಗಳನ್ನು ಬದಲಿಸುವುದು, ಇಳಿಜಾರಿಗೆ ಮೊದಲೇ ಮೆಲ್ಲಗೆ ಬ್ರೇಕು ಒತ್ತಿ ರಿಮ್ಮಿನ ನೀರನ್ನು ಒರೆಸುವುದು, ಕಡಿದಾದ ಘಾಟಿಯಲ್ಲಿ ಇಳಿದು ನಡೆಯುವುದು ಕಡ್ಡಾಯವಾಗಬೇಕು. ಚೌಕಟ್ಟಿನಲ್ಲಿ ಬಿರುಕು ಕಂಡರೆ ಆ ಸೈಕಲ್ಲಿಗೆ ಗುಜರಿಯೇ ಗತಿ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಪವಿತ್ರವಾಗುವುದಿಲ್ಲ.

ಇಷ್ಟು ಸರಳವಾದ ಕೆಲಸ ನಡೆಯದಿರುವುದಕ್ಕೆ ಬಡವರ ಅಜ್ಞಾನವನ್ನು ದೂರುವ ಮುನ್ನ ಆಳುವವರ ಅಜ್ಞಾನವನ್ನು ನೋಡಬೇಕು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದ್ದು ಒಳ್ಳೆಯ ಕೆಲಸ. ಬಾಲಕರಿಗೊಂದು, ಬಾಲಕಿಯರಿಗೊಂದು ಮಾದರಿಯನ್ನು ಯೋಚಿಸಿದ ಆ ಯೋಜನೆ ಬಯಲಿಗೊಂದು, ಗುಡ್ಡಕ್ಕೊಂದು ಹಲ್ಲಿನ ಲೆಕ್ಕವನ್ನು ಯೋಚಿಸಲಿಲ್ಲ. ಕೇಂದ್ರದ ತೆರಿಗೆ ನೀತಿಯ ಕಥೆ ಇನ್ನೂ ವಿಚಿತ್ರ. 2019ರ ಆಗಸ್ಟಿನಲ್ಲಿ ವಿದ್ಯುತ್ ಕಾರಿನ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು, ಸೈಕಲ್ಲಿನ ಶೇ. 12 ಇಳಿಯಲು 2025ರ ಸೆಪ್ಟೆಂಬರ್ ಬರಬೇಕಾಯಿತು. ಆರು ವರ್ಷಗಳ ಕಾಲ ಲಕ್ಷಾಂತರ ರೂಪಾಯಿಯ ಕಾರು ಕೊಳ್ಳುವವನಿಗಿಂತ ಸೈಕಲ್ಲು ಕೊಳ್ಳುವ ಕೂಲಿಕಾರ ಹೆಚ್ಚಿನ ದರದಲ್ಲಿ ತೆರಿಗೆ ತೆತ್ತ. ಹೊಗೆಯುಗುಳದ ವಾಹನವೆಂದರೆ ಯಾವುದು ಎಂಬ ಪ್ರಶ್ನೆಗೆ ಅಧಿಕಾರಸ್ಥರ ಕಣ್ಣಿಗೆ ಮೊದಲು ಬಿದ್ದದ್ದು ಕಾರು!

ಸೈಕಲ್ಲು ಎಲ್ಲ ಕೆಲಸಕ್ಕೂ ಒದಗುತ್ತದೆ ಎಂಬುದು ಇಲ್ಲಿನ ವಾದವಲ್ಲ. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲು ಜೀಪೇ ಬೇಕು. ಮೂವತ್ತು ಮೈಲಿ ದೂರದ ಪೇಟೆಗೆ ಬಸ್ಸು ಬೇಕು, ಆ ಬಸ್ಸಿಗಾಗಿ ಹೋರಾಡಲೂ ಬೇಕು. ಆದರೆ ಡೇರಿಗೆ, ಶಾಲೆಗೆ, ನ್ಯಾಯಬೆಲೆ ಅಂಗಡಿಗೆ, ಪಕ್ಕದ ಕೇರಿಗೆ ಹೋಗಿಬರಲು ಪೆಟ್ರೋಲು ಸುಡಬೇಕೆ? ಫ್ರೀವೀಲು, ಚೈನು, ಸೀಟು, ಬ್ರೇಕಿನ ರಬ್ಬರು ಎಲ್ಲವೂ ಸೇರಿದರೂ ಮೋಟಾರು ಬೈಕಿನ ಒಂದು ತಿಂಗಳ ಕಂತನ್ನು ಮುಟ್ಟುವುದು ಕಷ್ಟ. ಹೊಸ ಸೈಕಲ್ಲಿಗಾಗಿ ಬೇರೆಲ್ಲೋ ಗಣಿ ಅಗೆಯುವುದೂ ಉಕ್ಕು ಕರಗಿಸುವುದೂ ತಪ್ಪುತ್ತದೆ. ಗಣಿಗಾರಿಕೆಯ ವಿರುದ್ಧ ಘೋಷಣೆ ಕೂಗಿದ ಗುಡ್ಡದ ಜನರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಆರಂಭ ಊರಿನ ಸೈಕಲ್ ಶಾಪಿನಲ್ಲೇ ಆಗಬೇಕು. ಬಸ್ ನಿಲ್ದಾಣದ ಮೂಲೆಯಲ್ಲಿ ಪಂಕ್ಚರ್ ಹಾಕುತ್ತ ಕುಳಿತ ಹಿರಿಯರ ಕೈಯಲ್ಲಿ ಈ ವಿದ್ಯೆಯೆಲ್ಲ ಇದೆ. ಕೇಳುವವರಿಲ್ಲದೆ ಅದು ಅವರೊಂದಿಗೇ ಮುಗಿಯುವ ಹಂತದಲ್ಲಿದೆ. ಶಾಲೆಯ ಪರಿಸರ ಸಂಘಗಳು ಪರಿಸರ ದಿನದಂದು ಸಸಿ ನೆಡುವುದರ ಜೊತೆಗೆ ಅವರನ್ನು ಕರೆಸಿ ಮಕ್ಕಳ ಕೈಗೆ ಸ್ಪ್ಯಾನರು ಕೊಡಲಿ. ಪ್ರತಿ ಊರೂ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರವನ್ನು ಕೊಟ್ಟಿಗೆಯ ಸೈಕಲ್ಲಿಗೆ ಮೀಸಲಿಡಲಿ. ಗುಡ್ಡದ ಮಗುವಿಗೆ ಸೈಕಲ್ಲು ಕೊಡುವುದಾದರೆ ಸರ್ಕಾರ ಗುಡ್ಡ ಹತ್ತುವ ಸೈಕಲ್ಲನ್ನೇ ಕೊಡಬೇಕೆಂಬ ಒತ್ತಾಯ ಗ್ರಾಮಸಭೆಗಳಲ್ಲಿ ದಾಖಲಾಗಲಿ. ತುಳಿಯುವವರಿಗೆ ಸುಖವಾದ ದಿನ ಸೈಕಲ್ಲಿನ ಪರವಾಗಿ ಯಾರೂ ಭಾಷಣ ಮಾಡಬೇಕಾಗುವುದಿಲ್ಲ.