ಮೊದಲು ಬಸ್ಸು ತಿರುಗಲಿ, ಆಮೇಲೆ ಮಹಡಿ ಏರಲಿ



ಬೆಂಗಳೂರಿನ ಮೆಟ್ರೊವನ್ನು ತುಮಕೂರಿಗೆ ತರುವ ಬಗ್ಗೆ ಖಾಸಗಿ ಸಹಭಾಗಿತ್ವದಲ್ಲಿ ಕಾರ್ಯಸಾಧ್ಯತೆ ನೋಡುವುದಾಗಿ 2024-25ರ ರಾಜ್ಯ ಬಜೆಟ್‌ನಲ್ಲಿ ಹೇಳಿದಾಗಿನಿಂದ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು. ಅದೇ ವರ್ಷ ನವೆಂಬರ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರ ಮುಟ್ಟಿದ ಮೇಲಂತೂ ಕೇಳುವುದೇ ಬೇಡ. ಖಾಸಗಿಯವರು ಹಣ ಹಾಕಿದರೆ ನಿಲ್ದಾಣದ ಪಕ್ಕ ಬಹುಮಹಡಿ ಕಟ್ಟಿ ಬಾಡಿಗೆ ಎತ್ತಲು ನೋಡುತ್ತಾರೆ. ಕಟ್ಟಲಿ, ನನ್ನ ವಿರೋಧವಿಲ್ಲ. ಆದರೆ ಮಾಲ್ ಬರುತ್ತೆ, ಫ್ಲ್ಯಾಟ್ ಬರುತ್ತೆ, ಸೈಟಿನ ರೇಟು ಏರುತ್ತೆ ಎನ್ನುವಲ್ಲಿಗೇ ಚರ್ಚೆ ನಿಂತುಬಿಟ್ಟಿದೆಯಲ್ಲ, ನನ್ನ ತಕರಾರು ಅದಕ್ಕೆ.

ನಾನು ಗುಬ್ಬಿಯವನು. ಹದಿನಾಲ್ಕು ವರ್ಷ ಪಾಸ್ ಮಾಡಿಸಿಕೊಂಡು ಯಶವಂತಪುರಕ್ಕೆ ರೈಲಿನಲ್ಲಿ ಓಡಾಡಿದ್ದೇನೆ. ಹೊರಡುವಾಗಲೂ ಮಕ್ಕಳು ಮಲಗಿರುತ್ತಿದ್ದರು, ಮನೆಗೆ ಬಂದಾಗಲೂ ಮಲಗಿರುತ್ತಿದ್ದರು. ತುಮಕೂರಿನಲ್ಲಿ ಬೋಗಿ ಹತ್ತಿ ನಿಂತುಕೊಂಡೇ ತೂಕಡಿಸುವ ಹುಡುಗ ಹುಡುಗಿಯರನ್ನು ಕಂಡಾಗೆಲ್ಲ, ಇವರ ಕೆಲಸವೇ ಈ ಊರಿಗೆ ಬರಬಾರದೇಕೆ ಎನಿಸುತ್ತಿತ್ತು. ಮೆಟ್ರೊ ಬಂದು ಇವರನ್ನು ಇನ್ನಷ್ಟು ಸಲೀಸಾಗಿ ಬೆಂಗಳೂರಿಗೆ ಸಾಗಿಸಿದರೆ ತುಮಕೂರು ರಾತ್ರಿ ಮಲಗುವ ಊರಾಗುತ್ತದೆ, ಅಷ್ಟೆ. ಹಾಗಾಗದಿರಲು ನಿಲ್ದಾಣದ ಪಕ್ಕ ಕಟ್ಟುವ ಮಹಡಿಗಳಲ್ಲಿ ಹೆಚ್ಚಿನವು ಕಚೇರಿಗಳಿಗೇ ಮೀಸಲಾಗಬೇಕು. ಕೆಳಗೆ ನಾಲ್ಕು ಅಂಗಡಿ, ಹೋಟೆಲು, ಕ್ಲಿನಿಕ್ಕು, ಕೂಸುಗಳನ್ನು ಬಿಡಲೊಂದು ಶಿಶುವಿಹಾರ ಇದ್ದರೆ ಸಾಕು.

ಆ ಕಟ್ಟಡದ ಜಾಗ ಬಸ್ಸೂ ರೈಲೂ ಕೂಡುವ ಕಡೆ ಇರಬೇಕು. ಗುಬ್ಬಿಗೆ ರೈಲಿದೆ. ಕುಣಿಗಲ್‌ಗೂ 2017ರಲ್ಲಿ ರೈಲು ಬಂತು. ಆದರೆ ಅದು ನೆಲಮಂಗಲದಿಂದ ಹಾಸನದ ಕಡೆ ಹೋಗುವ ದಾರಿ, ತುಮಕೂರನ್ನು ಮುಟ್ಟುವುದಿಲ್ಲ. ಕುಣಿಗಲ್‌ನವರಿಗೆ ಬಸ್ಸೇ ಗತಿ. ನನ್ನ ತಂಗಿಯ ಮಗಳು ಅಲ್ಲಿಂದ ದಿನಾ ಬಂದು ತುಮಕೂರಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಬಸ್ ಇಳಿದ ಮೇಲೆ ಕಚೇರಿಗೆ ಹೋಗುವ ಆಟೊಗೆ ಸಂಬಳದ ಒಂದು ಪಾಲು ಹೋಗುತ್ತಿದೆ. "ಮಾವ, ಮೂವತ್ತೈದು ಕಿಲೋಮೀಟರು ಪುಕ್ಕಟೆ, ಎರಡು ಕಿಲೋಮೀಟರಿಗೆ ಕಾಸು" ಅನ್ನುತ್ತಾಳೆ.

ಇನ್ನು ಕಟ್ಟುವ ರೀತಿ. ಕೆಳಗೆ ಬಸ್ ನಿಲ್ದಾಣ, ಮೇಲೆ ಕಚೇರಿ ಇರುವ ಇಂಥ ಕಟ್ಟಡಗಳಲ್ಲಿ ಮೇಲಿನ ಕಚೇರಿಗೂ ನೆಲಮಾಳಿಗೆಯ ಕಾರು ನಿಲುಗಡೆಗೂ ಎಂಟು ಒಂಬತ್ತು ಮೀಟರಿಗೊಂದು ಕಂಬ ಇದ್ದರೆ ನಡೆಯುತ್ತದೆ. ಹನ್ನೆರಡು ಮೀಟರು ಉದ್ದದ ಬಸ್ಸು ಆ ಕಂಬಗಳ ನಡುವೆ ಒಂದೇ ಸಲಕ್ಕೆ ತಿರುಗಲಾರದು. ಒಂದು ಊರಿನ ಹೊಸ ನಿಲ್ದಾಣದಲ್ಲಿ ಕಣ್ಣಾರೆ ಕಂಡೆ: ಕಂಡಕ್ಟರ್ ಇಳಿದು, ಹಿಂದೆ ನಿಂತು, ಬಸ್ಸಿನ ಮೈ ತಟ್ಟುತ್ತಾ "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೂಗುತ್ತಾ ಸೀಟಿ ಊದುತ್ತಿದ್ದ. ಕೈಗೂಸು ಎತ್ತಿಕೊಂಡ ಹೆಂಗಸೊಬ್ಬರು ಕಂಬಕ್ಕೂ ಬಸ್ಸಿಗೂ ನಡುವೆ ಸಿಕ್ಕಿ ಹೌಹಾರಿ ನಿಂತಿದ್ದರು. ಆ ಕಂಬದ ಮೂಲೆಯ ಸಿಮೆಂಟು ಆಗಲೇ ಕಿತ್ತುಹೋಗಿತ್ತು. ಬಸ್ಸು ತಿರುಗುವ ಅಳತೆ, ಹೊಗೆ ಹೊರಹೋಗುವ ಎತ್ತರ, ಜನ ನಡೆಯುವ ದಾರಿ ಇವನ್ನು ಮೊದಲು ಗೆರೆ ಎಳೆದು, ಮೇಲಿನ ಮಹಡಿಗಳ ಭಾರವನ್ನು ದಪ್ಪ ತೊಲೆಗಳ ಮೇಲೆ ಹೊರಿಸಬಹುದು. ಖರ್ಚು ಹೆಚ್ಚು, ನಿಜ. ಒಂದು ಸಲ ಕಂಬ ನಿಂತ ಮೇಲೆ ಸರಿಪಡಿಸಲು ಎಷ್ಟು ಖರ್ಚು ಮಾಡಿದರೂ ಆಗದು.

ಬಾಡಿಗೆಯ ಲೆಕ್ಕವೂ ಸುಲಭವಲ್ಲ. ಬಿಎಂಟಿಸಿ ಕೇಂದ್ರದ ನರ್ಮ್ ಯೋಜನೆಯಲ್ಲಿ ಬೆಂಗಳೂರಿನ ಹತ್ತು ಕಡೆ ಟಿಟಿಎಂಸಿ, ಅಂದರೆ ಬಸ್ ನಿಲ್ದಾಣದ ಜೊತೆ ಬಾಡಿಗೆ ಮಹಡಿಗಳಿರುವ ಕಟ್ಟಡ ಕಟ್ಟಿತು. ಹಲವೆಡೆ ಮಹಡಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಶಾಂತಿನಗರದ್ದು ಇವತ್ತು ತುಂಬಿರುವುದು ಬಹುಪಾಲು ಸರ್ಕಾರಿ ಕಚೇರಿಗಳಿಂದ. ಸಾರಿಗೆ ಆಯುಕ್ತರ ಕಚೇರಿ, ಜಾರಿ ನಿರ್ದೇಶನಾಲಯ ಅಲ್ಲಿವೆ. ಆದರೆ ನವಿ ಮುಂಬೈಯ ವಾಶಿಯಲ್ಲಿ ರೈಲು ನಿಲ್ದಾಣದ ಮೇಲೇ ಐಟಿ ಕಚೇರಿಗಳಿವೆ, ಪ್ಲಾಟ್‌ಫಾರ್ಮಿನಿಂದ ನಡೆದೇ ಕೆಲಸಕ್ಕೆ ಹೋಗಬಹುದು. ತುಮಕೂರಿನಲ್ಲಿ ಬಾಡಿಗೆ ಮನೆಗಳಲ್ಲಿ ಚದುರಿಕೊಂಡಿರುವ ಇಲಾಖೆಗಳಿಗೆ ಎರಡು ಮಹಡಿಯನ್ನು ನಕ್ಷೆ ಬರೆಯುವಾಗಲೇ ಗೊತ್ತು ಮಾಡಲಿ. ಹಳ್ಳಿಯಿಂದ ಬಂದವರು ಬಸ್ ಇಳಿದು ಮೆಟ್ಟಿಲು ಹತ್ತಿದರೆ ಕೆಲಸ ಆಗಬೇಕು.

ನಕ್ಷೆ ತಯಾರಾದಾಗ ಟೆಂಡರ್ ಕರೆಯುವ ಮುಂಚೆಯೇ ಅದನ್ನು ತುಮಕೂರಿನಲ್ಲಷ್ಟೇ ಅಲ್ಲ, ಗುಬ್ಬಿ, ಕುಣಿಗಲ್ ಬಸ್ ನಿಲ್ದಾಣಗಳ ಗೋಡೆಯ ಮೇಲೂ ಕನ್ನಡದಲ್ಲಿ ಅಂಟಿಸಲಿ. ನೆಲ ಅಂತಸ್ತಿನ ಹಾಳೆ ಎಲ್ಲಕ್ಕಿಂತ ಮೇಲಿರಲಿ. ಅದನ್ನು ಮೊದಲು ಡ್ರೈವರ್, ಕಂಡಕ್ಟರ್‌ಗಳಿಗೆ ತೋರಿಸಿ ಕೇಳಲಿ.

ಇಂತಿ,
ನಿತ್ಯ ರೈಲು ಪ್ರಯಾಣಿಕನಾಗಿದ್ದ ಓದುಗ, ಗುಬ್ಬಿ